ಟೆನ್ಶನ್ ತಗೋಬ್ಯಾಡ್ರಿ ಅಂದವರಿಗೆ

ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಹದಿನೈದು ದಿನ, ನೋಡಲು ಬಂದವರೆಲ್ಲ ಎರಡು ಸಾಮಾನು ತರುತ್ತಿದ್ದರು. ಒಂದು ಅರ್ಧ ಡಜನ್ ಮೋಸಂಬಿ, ಇನ್ನೊಂದು "ಟೆನ್ಶನ್ ತಗೋಬ್ಯಾಡ್ರಿ ಮೇಡಂ" ಅನ್ನೋ ಮಾತು. ಮೋಸಂಬಿ ಮುಗಿದವು, ಮಾತು ಮಾತ್ರ ಮುಗಿಯಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿದ್ದು, ವ್ಯಾಲ್ಯುಯೇಶನ್ ಡ್ಯೂಟಿ, ಅತ್ತೆಯ ಮಂಡಿನೋವು, ಮಗನ ಕೆಲಸದ ಚಿಂತೆ, ಎಲ್ಲವನ್ನೂ ಪಟ್ಟಿ ಮಾಡಿ "ಅದಕ್ಕೇ ನೋಡ್ರಿ ಹಾರ್ಟಿಗೆ ಬಂತು" ಎಂದು ತೀರ್ಪು ಕೊಟ್ಟು, ಕಾಫಿ ಕುಡಿದು ಹೋದವರೂ ಇದ್ದರು. ನನ್ನ ಹೃದಯದಲ್ಲಿ ಆ ಹೊತ್ತಿಗೆ ಟೆನ್ಶನ್ ಇದ್ದದ್ದು ನಿಜವೇ. ಆದರೆ ಅದನ್ನು ನಾನು ತಗೊಂಡಿರಲಿಲ್ಲ. ಇಷ್ಟು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಏಪ್ರಿಲ್ ತಿಂಗಳ ಸಂಜೆ. ದಾವಣಗೆರೆಯ ಸೆಖೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಮಂಡಕ್ಕಿ-ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದು ಎಲ್ಲರೂ ತಿಂದೆವು. ರಾತ್ರಿ ಹನ್ನೊಂದರ ಸುಮಾರಿಗೆ ಎದೆ ಹಿಂಡಿದಂತಾಯಿತು, ಎಡ ದವಡೆ ಜೋಮು ಹಿಡಿದ ಹಾಗಾಯಿತು. ಅಪವಾದವೆಲ್ಲ ಮೆಣಸಿನಕಾಯಿ ಮೇಲೆ. ಓಂಕಾಳು ಅಗಿದೆ, ಸೋಡಾ ಕುಡಿದೆ, ಗ್ಯಾಸಿನ ಮಾತ್ರೆ ನುಂಗಿದೆ. ಬೆಳಿಗ್ಗೆ ಹತ್ತಿರದ ಕ್ಲಿನಿಕ್ಕಿಗೆ ಹೋದರೆ ಅಲ್ಲೂ "ಗ್ಯಾಸ್ಟ್ರಿಕ್" ಅಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಇಸಿಜಿ ಮಾಡಲಿಲ್ಲ. ನಮ್ಮ ಮನೆಯವರು ಇದೇ ನೋವು ಅಂತ ಹೋಗಿದ್ದರೆ ಮಾಡುತ್ತಿದ್ದರೇನೋ ಅಂತ ಇವತ್ತಿಗೂ ನನಗೆ ಸಿಟ್ಟಿದೆ. ಮಧ್ಯಾಹ್ನ ಬೆವರಿ ಕುಸಿದ ಮೇಲೆ ದೊಡ್ಡಾಸ್ಪತ್ರೆ, ಆಂಜಿಯೋಗ್ರಾಂ, ಸ್ಟೆಂಟ್. ನೋವು ಶುರುವಾಗಿ ಹದಿನಾಲ್ಕು ಗಂಟೆ ಕಳೆದಿತ್ತು. ರಕ್ತನಾಳ ತೆರೆಯಿತು, ಆದರೆ ಹೃದಯದ ಮುಂಭಾಗದ ಗೋಡೆಯಲ್ಲಿ ಸಾಯಬೇಕಾದ ಸ್ನಾಯು ಅಷ್ಟರಲ್ಲೇ ಸತ್ತಿತ್ತು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಪಂಪಿಂಗ್ ಶೇ 30. ಒಂದೊಂದು ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಅಷ್ಟು ಪಾಲನ್ನು ಮಾತ್ರ ಹೊರದಬ್ಬುತ್ತಿತ್ತು. ಸರಿಯಾಗಿದ್ದವರಿಗೆ ಅದು 55ರ ಮೇಲಿರುತ್ತದೆ.

ಎಕೋ ರಿಪೋರ್ಟು ಹಿಡಿದು ಬಂದ ಕಾರ್ಡಿಯಾಲಜಿಸ್ಟು ನನ್ನನ್ನು ನೋಡಿ ಒಂದು ಕ್ಷಣ ನಿಂತರು. "ಮೇಡಂ, ಗುರ್ತು ಸಿಕ್ತಾ? ಎರಡನೇ ಬೆಂಚು." ಇಪ್ಪತ್ತು ವರ್ಷದ ಹಿಂದೆ ನನ್ನ ಹತ್ತಿರ ಕೆಮಿಸ್ಟ್ರಿ ಓದಿದ ಹುಡುಗ. "ಏನೋ ನೀನು" ಎಂದು ಬಾಯಿಗೆ ಬಂದದ್ದನ್ನು ನುಂಗಿ "ಏನ್ರಿ ಡಾಕ್ಟ್ರೇ" ಅಂದೆ. ಆಮೇಲೆ ಇಡೀ ವರ್ಷ ನೀನು-ನೀವುಗಳ ನಡುವೆ ಒದ್ದಾಡಿದ್ದೇ ಆಯಿತು. ಅದರಿಂದ ನನಗಾದ ಲಾಭವೆಂದರೆ, ಬೇರೆ ರೋಗಿಗಳಿಗೆ "ಇದು ತಗೊಳ್ರಿ, ಅದು ಬಿಡ್ರಿ" ಎಂದು ಎರಡು ನಿಮಿಷಕ್ಕೆ ಮುಗಿಯುವುದನ್ನು ನನಗೆ ಚೀಟಿಯ ಹಿಂದೆ ಚಿತ್ರ ಬರೆದು ಹೇಳುತ್ತಿದ್ದರು.

ಕಾಲಿನ ಬಾವು ಇಳಿದು ಶ್ವಾಸಕೋಶದ ನೀರು ತೆಗೆದಾದ ಮೇಲೆ, ಡಿಸ್ಚಾರ್ಜಿನ ಹಿಂದಿನ ದಿನ ಹೊಸದೊಂದು ಮಾತ್ರೆ ಸೇರಿಸಿದರು. ಮೆಟೊಪ್ರೊಲಾಲ್ ಸಕ್ಸಿನೇಟ್, 12.5 ಮಿಲಿಗ್ರಾಂ. "ಇದು ಶುರುವಾದ ಮೇಲೆ ಮೊದಮೊದಲು ಸುಸ್ತು ಜಾಸ್ತಿನೇ ಆಗ್ತದೆ ಮೇಡಂ. ಹೆದರಿ ನಿಲ್ಲಿಸಬ್ಯಾಡ್ರಿ. ಎರಡೆರಡು ವಾರಕ್ಕೆ ಏರಿಸ್ತಾ ಹೋಗಾಣ." ಮೊದಲೇ ಸುಸ್ತಾದ ಹೃದಯಕ್ಕೆ ಇನ್ನಷ್ಟು ಸುಸ್ತು ಮಾಡುವ ಮಾತ್ರೆ ಯಾಕೆ ಎಂದು ಕೇಳಿದೆ. ಅವರು ಪೆನ್ನು ತೆಗೆದರು.

ಹೃದಯ ಸೋತಾಗ ರಕ್ತದ ಒತ್ತಡ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿರುವ ಒತ್ತಡದ ಕಾವಲುಗಾರರು ಅದನ್ನು ಹಿಡಿದು ಮೆದುಳಿಗೆ ತಿಳಿಸುತ್ತವೆ. ಗಾಯವಾಗಿ ರಕ್ತ ಹೋಗುತ್ತಿದೆಯೋ, ಸ್ನಾಯು ಸತ್ತಿದೆಯೋ ಎಂಬ ಭೇದ ಮೆದುಳಿಗೆ ಗೊತ್ತಾಗುವುದಿಲ್ಲ. ಹುಲಿ ಎದುರಾದಾಗ ಕೊಡುವ ಆಜ್ಞೆಯನ್ನೇ ಅದು ಕೊಡುತ್ತದೆ. ಹೃದಯಕ್ಕೆ ಬಂದಿರುವ ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಎಂಬ ಸ್ಟ್ರೆಸ್ ಹಾರ್ಮೋನು ಸುರಿಯುತ್ತದೆ, ಹೃದಯ ಓಡುತ್ತದೆ. ಹುಲಿಯಾದರೆ ಐದು ನಿಮಿಷಕ್ಕೆ ಹೋಗುತ್ತಿತ್ತು. ಸತ್ತ ಸ್ನಾಯು ಎಲ್ಲಿಗೆ ಹೋಗಬೇಕು? ಹಾಗಾಗಿ ಆಜ್ಞೆ ಹಗಲೂ ರಾತ್ರಿ ನಿಲ್ಲುವುದಿಲ್ಲ. ನಿದ್ದೆಯಲ್ಲೂ ಇಲ್ಲ, ದೇವರ ಮುಂದೆ ಕಣ್ಣು ಮುಚ್ಚಿ ಕೂತಾಗಲೂ ಇಲ್ಲ. ತಿಂಗಳುಗಟ್ಟಲೆ ಹೀಗೆ ಸುರಿದರೆ ಆ ರಾಸಾಯನಿಕವೇ ಉಳಿದ ಸ್ನಾಯುಕೋಶಗಳಿಗೆ ವಿಷ. ಕೋಶದೊಳಗೆ ಕ್ಯಾಲ್ಸಿಯಂ ಮಿತಿ ಮೀರುತ್ತದೆ, ಕೋಶಗಳು ಸಾಯುತ್ತವೆ, ಬಡಿತದ ಲಯ ತಪ್ಪುತ್ತದೆ.

ಅಂದರೆ ನನ್ನ ಹೃದಯದ ಸ್ಟ್ರೆಸ್ ಹಾರ್ಮೋನಿಗೂ ವ್ಯಾಲ್ಯುಯೇಶನ್ ಡ್ಯೂಟಿಗೂ ಸಂಬಂಧ ಅಷ್ಟಕ್ಕಷ್ಟೆ. ಹೃದಯವೇ ಸೋತು, ತನ್ನ ಸೋಲಿನಿಂದಲೇ ಅದನ್ನು ತರಿಸಿಕೊಳ್ಳುತ್ತಿತ್ತು. ಇದನ್ನು ಕೇಳಿದಾಗ ನನಗೆ ಎಷ್ಟು ಹಗುರವಾಯಿತೆಂದರೆ, ಹಾಸಿಗೆಯ ಮೇಲೆ ಕೂತೇ ಸ್ವಲ್ಪ ಅತ್ತೆ. ಡಾಕ್ಟರು ಗಾಬರಿಯಾಗಿ ನರ್ಸನ್ನು ಕರೆದರು.

ಆಮೇಲೆ ಓದುತ್ತಾ ಹೋದಾಗ ವಿಚಿತ್ರವಾದ ಸಂಗತಿಯೊಂದು ಸಿಕ್ಕಿತು. 1960ರ ದಶಕದಲ್ಲಿ ಅಮೆರಿಕದಲ್ಲಿ ಯುಜೀನ್ ಬ್ರೌನ್‌ವಾಲ್ಡ್ ಮತ್ತವರ ಜೊತೆಗಾರರು ಸೋತ ಹೃದಯಗಳ ಸ್ನಾಯುವಿನಲ್ಲೇ ನಾರ್‌ಅಡ್ರಿನಲಿನ್ ಅಳೆದು ನೋಡಿದರು. ರಕ್ತದಲ್ಲಿ ತುಂಬಿ ತುಳುಕುವ ವಸ್ತು ಹೃದಯದ ನರಗಳೊಳಗಿನ ದಾಸ್ತಾನಿನಲ್ಲಿ ಮಾತ್ರ ತೀರಾ ಕಡಿಮೆ! ಆರೋಗ್ಯವಂತ ಹೃದಯದಲ್ಲಿ ನರ ಹೊರಗೆ ಬಿಟ್ಟ ನಾರ್‌ಅಡ್ರಿನಲಿನ್‌ನ ಬಹುಪಾಲನ್ನು ಮತ್ತೆ ತಾನೇ ಒಳಗೆಳೆದುಕೊಂಡು ಇಟ್ಟುಕೊಳ್ಳುತ್ತದೆ. ಸೋತ ಹೃದಯದಲ್ಲಿ ಬಿಡುವುದು ಹೆಚ್ಚು, ಎಳೆದುಕೊಳ್ಳುವುದು ಕಡಿಮೆ. ನಮ್ಮ ಕಡೆ ಸುಗ್ಗಿಯಲ್ಲಿ ಮೆಕ್ಕೆಜೋಳ ನೋಡಿದವರಿಗೆ ಇದು ಥಟ್ಟನೆ ತಿಳಿಯುತ್ತದೆ. ರಸ್ತೆ ತುಂಬ ಕಾಳು ಹರಡಿದೆ, ಬಸ್ಸು ಅದರ ಮೇಲೇ ಹೋಗುತ್ತಿದೆ, ಗೋದಾಮಿನ ಬಾಗಿಲು ತೆಗೆದರೆ ಒಳಗೆ ಇಲಿ ಓಡಾಡುತ್ತಿವೆ. 1984ರಲ್ಲಿ ಜೇ ಕೋನ್ ಅವರ ತಂಡ ರಕ್ತದಲ್ಲಿ ನಾರ್‌ಅಡ್ರಿನಲಿನ್ ಹೆಚ್ಚಿದ್ದಷ್ಟೂ ರೋಗಿಯ ಆಯುಷ್ಯ ಕಡಿಮೆ ಎಂದು ತೋರಿಸಿತು. ಅದಕ್ಕೂ ಎರಡು ವರ್ಷ ಮೊದಲು ಮೈಕೇಲ್ ಬ್ರಿಸ್ಟೋ, ಸೋತ ಹೃದಯದ ಕೋಶಗಳು ಈ ಹಾರ್ಮೋನಿನ ಕೂಗಿಗೆ ಕಿವಿಗೊಡುವ ಬೀಟಾ ಗ್ರಾಹಕಗಳನ್ನೇ (ರಿಸೆಪ್ಟರ್) ಕಡಿಮೆ ಮಾಡಿಕೊಂಡಿರುತ್ತವೆ ಎಂದು ಕಂಡುಕೊಂಡಿದ್ದರು. "ಲೆ ಶಾಟೆಲಿಯೆ ತತ್ವ ಮೇಡಂ, ನೀವೇ ಹೇಳಿಕೊಟ್ಟಿದ್ದು" ಎಂದು ಡಾಕ್ಟರು ನಕ್ಕರು. ಒತ್ತಡ ಹಾಕಿದಷ್ಟೂ ವ್ಯವಸ್ಥೆ ಅದಕ್ಕೆ ಎದುರಾಗಿ ವಾಲುತ್ತದೆ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಅವರು ಎಷ್ಟು ಅಂಕ ತೆಗೆದಿದ್ದರೋ, ನನಗೆ ನೆನಪಿಲ್ಲ.

ನನಗೆ ಕೊಟ್ಟ ಮೆಟೊಪ್ರೊಲಾಲ್ ಬೀಟಾ ಬ್ಲಾಕರ್ ಜಾತಿಯ ಮಾತ್ರೆ. ಅದು ಈ ಗ್ರಾಹಕದ ಮೇಲೆ ಕೂತು ಬಾಗಿಲು ಹಾಕುತ್ತದೆ. ಹೊರಗೆ ಕೂಗು ನಡೆದೇ ಇರುತ್ತದೆ, ಒಳಗೆ ಕೇಳಿಸುವುದಿಲ್ಲ. 1990ರ ದಶಕದವರೆಗೂ ಪಂಪಿಂಗ್ ಕಡಿಮೆಯಿದ್ದವರಿಗೆ ಈ ಮಾತ್ರೆ ಕೊಡಲೇಬಾರದು ಎಂದು ಪಠ್ಯಪುಸ್ತಕಗಳಲ್ಲೇ ಇತ್ತಂತೆ. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ವಾಗ್‌ಸ್ಟೈನ್ ಮತ್ತು ಸಂಗಡಿಗರು ಏಳೇ ಏಳು ರೋಗಿಗಳಿಗೆ ಕೊಟ್ಟು ನೋಡಿ ಸುಧಾರಿಸಿದರು ಎಂದು ಬರೆದಾಗ ಹೆಚ್ಚಿನವರು ನಂಬಲಿಲ್ಲ. ಸುಮಾರು ಇಪ್ಪತ್ತನಾಲ್ಕು ವರ್ಷದ ಮೇಲೆ, 1999ರಲ್ಲಿ, ನಾನು ನುಂಗುವ ಇದೇ ಮಾತ್ರೆಯನ್ನು 3,991 ಜನರ ಪರೀಕ್ಷೆಯಲ್ಲಿ ನೋಡಿದಾಗ ಸಾವು ಶೇ 34ರಷ್ಟು ಕಡಿಮೆಯಾಗಿತ್ತು.

ಓದುವುದಕ್ಕೆ ಚೆಂದ. ನುಂಗಿದವರ ಪಾಡು ಬೇರೆ. ಎರಡನೇ ವಾರಕ್ಕೆ ನಾನು ಹಸಿ ಮಣ್ಣಿನ ಮುದ್ದೆಯಂತಾಗಿದ್ದೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿಗೆ ಬಗ್ಗಿದರೆ ನಾಲ್ಕನೇ ಚುಕ್ಕಿಗೆ ಕಣ್ಣು ಕತ್ತಲೆ. ಚಪ್ಪಲಿಯ ಪಟ್ಟಿ ಪಾದದ ಮೇಲೆ ಅಚ್ಚೊತ್ತಿದ್ದು ಅರ್ಧ ತಾಸಾದರೂ ಮಾಯುತ್ತಿರಲಿಲ್ಲ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ ಬರೆದಿಡಲು ಹೇಳಿದ್ದರು. ನಾನು ಅಡಿಗೆಮನೆಯ ಕ್ಯಾಲೆಂಡರಿನಲ್ಲೇ ಬರೆಯುತ್ತಿದ್ದೆ. ಏಕಾದಶಿ ಪಕ್ಕ 61.2, ದ್ವಾದಶಿಗೆ 61.9, ಅಮಾವಾಸ್ಯೆಯ ಕಪ್ಪು ಚುಕ್ಕಿಯ ಪಕ್ಕ 63.1. ನಾಲ್ಕು ದಿನದಲ್ಲಿ ಎರಡು ಕಿಲೋ ಹತ್ತಿರ! ಅತ್ತೆ "ಮೈ ಕೈ ತುಂಬ್ಕಂತಾ ಐದಾಳೆ" ಎಂದು ಖುಷಿಪಟ್ಟರು. ಅದು ನೀರು. ಫೋನ್ ಮಾಡಿದರೆ ಡಾಕ್ಟರು ಬೀಟಾ ಬ್ಲಾಕರ್ ನಿಲ್ಲಿಸಲಿಲ್ಲ, ನೀರಿನ ಮಾತ್ರೆಯನ್ನು ಒಂದು ವಾರ ದುಪ್ಪಟ್ಟು ಮಾಡಿದರು. ಹುಣ್ಣಿಮೆ ಹೊತ್ತಿಗೆ ಮತ್ತೆ 61.

ಜೊತೆಗೆ ಬೇರೆ ಮಾತ್ರೆಗಳೂ ಇದ್ದವು. ರಾಮಿಪ್ರಿಲ್ ನನಗೆ ಆಗಿಬರಲಿಲ್ಲ. ಒಣ ಕೆಮ್ಮು ಬಂತು. ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದರೆ ಸಾಕು, ಕೆಮ್ಮು ಶುರು. ಹಿಂದಿನ ಬೆಂಚಿನಿಂದ ಯಾರೋ ಅದೇ ತಾಳದಲ್ಲಿ ಕೆಮ್ಮುವುದೂ ಶುರು. ಆ ಮಾತ್ರೆ ತಡೆಯುವ ಕಿಣ್ವವೇ ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆಯುವುದೂ ಆದ್ದರಿಂದ, ಅದು ಒಡೆಯದೆ ಉಳಿದು ಕೆಮ್ಮು ತರಿಸುತ್ತದೆ. ಸಕುಬಿಟ್ರಿಲ್-ವಾಲ್ಸಾರ್ಟಾನ್‌ಗೆ ಬದಲಾಯಿಸಿದರು. ಆದರೆ ಹಳೆಯದು ನಿಲ್ಲಿಸಿ 36 ತಾಸು ಕಳೆದ ಮೇಲೇ ಹೊಸದು ಶುರುಮಾಡಬೇಕು, ಎರಡೂ ಕೂಡಿದರೆ ಮುಖ, ಗಂಟಲು ಊದಿಕೊಳ್ಳುವ ಅಪಾಯ. ಆ ಒಂದೂವರೆ ದಿನ ನಮ್ಮ ಮನೆಯವರು ಗಡಿಯಾರ ನೋಡುತ್ತಾ ಕಾದಂತೆ ನಮ್ಮ ಮದುವೆಯ ಮುಹೂರ್ತಕ್ಕೂ ಕಾದಿರಲಿಲ್ಲ.

ರಾಮಿಪ್ರಿಲ್ ಆಗಲಿ, ಅದರ ಬದಲು ಬಂದದ್ದಾಗಲಿ, ಬಿಪಿಗೆ ಕೊಡುವ ಮಾತ್ರೆ ಇದು ಎಂದು ನಾನು ತಿಳಿದಿದ್ದೆ. ಆದರೆ ಇದರ ಕೆಲಸವೂ ಸುತ್ತಿ ಬಂದು ಅದೇ ನರದ ತುದಿಗೆ ಮುಟ್ಟುತ್ತದೆ. ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು ನರವನ್ನು ತಿವಿದು ಇನ್ನಷ್ಟು ನಾರ್‌ಅಡ್ರಿನಲಿನ್ ಬಿಡಿಸುತ್ತದೆ. ಅದನ್ನು ತಡೆದರೆ ತಿವಿತ ಕಡಿಮೆ. ಆಲ್ಡೊಸ್ಟೆರೋನ್ ಇನ್ನೊಂದು, ಅದನ್ನು ತಡೆಯಲು ಸ್ಪೈರೊನೊಲ್ಯಾಕ್ಟೋನ್. ಈ ಮಾತ್ರೆಯಿಂದ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಹೃದ್ರೋಗಿಗೆ ತಂಪು ಎಂದು ನನ್ನ ತಮ್ಮ ದಿನಕ್ಕೆರಡು ಎಳನೀರು ತಂದುಕೊಡುತ್ತಿದ್ದ. ಪೊಟ್ಯಾಸಿಯಂ 5.6 ಬಂದಾಗ ಎಳನೀರೂ ಮೋಸಂಬಿಯೂ ಒಟ್ಟಿಗೇ ಬಂದಾದವು.

ನನಗೆ ಒಂದು ಹುಚ್ಚು ಹತ್ತಿತು. ನನ್ನ ನಾರ್‌ಅಡ್ರಿನಲಿನ್ ಈಗ ಎಷ್ಟಿದೆ, ಅಳೆಯಬೇಕು. ಮಾಸ್ತರಿಕೆಯ ಚಟ, ಅಂಕ ಬೇಕು. ಡಾಕ್ಟರು ಒಪ್ಪಲಿಲ್ಲ. ಅರ್ಧ ತಾಸು ಅಲುಗದೆ ಮಲಗಬೇಕು, ರಕ್ತ ತೆಗೆದ ಕೂಡಲೇ ಐಸಿನಲ್ಲಿಡಬೇಕು, ಸೂಜಿಗೆ ಹೆದರಿದರೂ ಏರಿಬಿಡುತ್ತದೆ. ಅದರ ಬದಲು ಎನ್‌ಟಿ-ಪ್ರೊಬಿಎನ್‌ಪಿ ಮಾಡಿಸಿದರು. ಹಿಗ್ಗಿದ ಹೃದಯದ ಗೋಡೆಯಿಂದಲೇ ಹೊರಬರುವ ವಸ್ತು ಅದು, ಹೃದಯಕ್ಕೆ ಕಷ್ಟವಾದಷ್ಟೂ ಏರುತ್ತದೆ. 3,860 ಇತ್ತು. ನಾರ್‌ಅಡ್ರಿನಲಿನ್ ಇಳಿಸುವುದೇ ಗುರಿಯಾದರೆ ಮೆದುಳಿನಲ್ಲೇ ಆಜ್ಞೆ ನಿಲ್ಲಿಸುವ ಔಷಧಿ ಇಲ್ಲವೇ ಎಂದು ಕೇಳಿದೆ. ಇತ್ತು, ಅಂದರು. ಮಾಕ್ಸೊನಿಡಿನ್. ದೊಡ್ಡ ಪರೀಕ್ಷೆ ನಡೆಯಿತು, ನಾರ್‌ಅಡ್ರಿನಲಿನ್ ನಿಜಕ್ಕೂ ಇಳಿಯಿತು, ಆದರೆ ಔಷಧಿ ತಗೊಂಡವರಲ್ಲೇ ಸಾವು ಹೆಚ್ಚಾಗಿ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸೋತ ಹೃದಯ ಆ ಕೂಗಿನ ಬಲದ ಮೇಲೇ ನಿಂತಿರುತ್ತದೆ, ಒಮ್ಮೆಗೇ ಕಿತ್ತುಕೊಂಡರೆ ಬೀಳುತ್ತದೆ. 12.5ರಿಂದ ಶುರು, ಎರಡು ವಾರಕ್ಕೊಮ್ಮೆ ಏರಿಕೆ ಎಂಬ ಆಮೆ ನಡಿಗೆಯ ಕಾರಣ ನನಗೆ ಆವತ್ತು ಹೊಳೆಯಿತು.

ಹೊಳೆದರೂ ಬುದ್ಧಿ ಬರಬೇಕಲ್ಲ. ನವೆಂಬರಿನಲ್ಲಿ ಚಿತ್ರದುರ್ಗದಲ್ಲಿ ತಮ್ಮನ ಮಗಳ ಮದುವೆ. ಆಗ ಮೆಟೊಪ್ರೊಲಾಲ್ 50 ಮಿಲಿಗ್ರಾಂಗೆ ಬಂದಿತ್ತು. ಮದುವೆ ಮನೆಯಲ್ಲಿ ಮಂಕಾಗಿ ಮೂಲೆಯಲ್ಲಿ ಕೂರುವುದು ಬೇಡ, ನಾಲ್ಕು ದಿನ ಬಿಟ್ಟರೆ ಏನಾದೀತು ಎಂದು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದೆ. ಮೊದಲೆರಡು ದಿನ ಸ್ವರ್ಗ. ಚಪ್ಪರದಿಂದ ಅಡಿಗೆಯವರ ತನಕ ಓಡಾಡಿದೆ. ಮೂರನೇ ದಿನ ಬೆಳಿಗ್ಗೆ ಛತ್ರದ ಮೆಟ್ಟಿಲ ಮೇಲೆ ಅರಿಶಿನದ ತಟ್ಟೆ ಹಿಡಿದು ಹತ್ತುವಾಗ ಎದೆಯೊಳಗೆ ಡೊಳ್ಳು. ತಟ್ಟೆಯಲ್ಲಿದ್ದ ಅಡಿಕೆ ಲಟಲಟ ಅಲ್ಲಾಡುತ್ತಿದ್ದದ್ದು ನನ್ನ ಕೈಯಿಂದ ಎಂದು ಗೊತ್ತಾಗಲು ಒಂದು ಗಳಿಗೆ ಹಿಡಿಯಿತು. ನಾಡಿ 118. ಧಾರೆಯ ಹೊತ್ತಿಗೆ ನಾನು ಇಸಿಜಿಯ ತಂತಿಗಳ ನಡುವೆ ಮಲಗಿದ್ದೆ.

ಆದದ್ದು ಇಷ್ಟೇ. ತಿಂಗಳುಗಟ್ಟಲೆ ಬಾಗಿಲು ಹಾಕಿದ್ದಕ್ಕೆ ಹೃದಯದ ಕೋಶಗಳು, ಕಳಕೊಂಡಿದ್ದ ಗ್ರಾಹಕಗಳನ್ನು ಮತ್ತೆ ಬೆಳೆಸಿಕೊಂಡಿದ್ದವು. ಅದು ಒಳ್ಳೆಯ ಲಕ್ಷಣವೇ. ಆದರೆ ಮಾತ್ರೆ ತಟ್ಟನೆ ಹೋದಾಗ ಅಷ್ಟೂ ಹೊಸ ಬಾಗಿಲುಗಳು ಒಟ್ಟಿಗೇ ತೆರೆದುಕೊಂಡವು, ಹೊರಗೆ ಕೂಗು ಇನ್ನೂ ಇತ್ತು. ಡಾಕ್ಟರು ಫೋನಿನಲ್ಲಿ ಬೈಯಲಿಲ್ಲ. "ಮೇಡಂ, ನಾನು ಲ್ಯಾಬಲ್ಲಿ ಆಸಿಡ್‌ಗೆ ನೀರು ಹಾಕಿದಾಗ ನೀವು ಏನಂದಿದ್ರಿ, ನೆನಪೈತಾ?" ಎಂದು ಕೇಳಿ ಸುಮ್ಮನಾದರು. ನಾನೇನಂದಿದ್ದೆನೋ ಇಲ್ಲಿ ಬರೆಯುವಂಥದ್ದಲ್ಲ. ಮತ್ತೆ 25ರಿಂದ ಶುರು.

ಆಮೇಲೆ ನನಗೊಂದು ಎಚ್ಚರ ಬಂತು, ಅತಿಯಾಯಿತು ಎಂದರೂ ಸರಿ. ಮೆಡಿಕಲ್ ಶಾಪಿನವನು ಒಮ್ಮೆ ಸಕ್ಸಿನೇಟ್ ಇಲ್ಲವೆಂದು ಮೆಟೊಪ್ರೊಲಾಲ್ ಟಾರ್ಟ್ರೇಟ್ ಕೊಟ್ಟ. "ಎರಡೂ ಒಂದೇ ಮೇಡಂ." ಕೆಮಿಸ್ಟ್ರಿಯವಳಾದ ನನಗೂ ಮೊದಲು ಹಾಗೇ ಅನಿಸಿತು. ಅಣು ಒಂದೇ, ಲವಣ ಬೇರೆ. ಆದರೆ ಟಾರ್ಟ್ರೇಟ್ ಮಾತ್ರೆ ಬೇಗ ಕರಗಿ ಬೇಗ ಇಳಿಯುತ್ತದೆ. ಸಕ್ಸಿನೇಟ್ ಮಾತ್ರೆಯನ್ನು ದಿನವಿಡೀ ಒಂದೇ ಸಮ ಬಿಡುವಂತೆ ಕಟ್ಟಿರುತ್ತಾರೆ, 1999ರ ಆ ಪರೀಕ್ಷೆ ನಡೆದದ್ದೂ ಅದರ ಮೇಲೇ. ಗೀಟಿನ ಮೇಲೆ ಎರಡು ಹೋಳು ಮಾಡಬಹುದು, ಪುಡಿ ಮಾಡಬಾರದು, ಅಗಿಯಬಾರದು. ವಾಪಸು ಕೊಟ್ಟು ಇನ್ನೊಂದು ಅಂಗಡಿಗೆ ನಡೆದೆ. ನೆಗಡಿಯಾದಾಗ ಮನೆಯವರು ತಂದ ಶೀತದ ಮಾತ್ರೆಯ ಪಟ್ಟಿಯನ್ನೂ ಕನ್ನಡಕ ಹಾಕಿ ಓದಿದೆ. ಫಿನೈಲೆಫ್ರಿನ್ ಇತ್ತು, ಅದೂ ನಾರ್‌ಅಡ್ರಿನಲಿನ್‌ನ ದಾಯಾದಿಯೇ. ಡ್ರಾಯರಿಗೆ ಹಾಕಿದೆ.

ಫೆಬ್ರವರಿಯಿಂದ ಮನೆಯವರ ಜೊತೆ ಕುಂದುವಾಡ ಕೆರೆಯ ದಂಡೆಯ ಮೇಲೆ ನಡೆಯಲು ಶುರುಮಾಡಿದೆ. ಮೊದಲು ಎರಡು ಬೆಂಚು, ಆಮೇಲೆ ಕಾಲು ಸುತ್ತು. ಈಗ ಮಾತಾಡುತ್ತಾ ಅರ್ಧ ಸುತ್ತು. ಮೆಟೊಪ್ರೊಲಾಲ್ 100ಕ್ಕೆ ಏರಿಸಿದಾಗ ನಾಡಿ 48ಕ್ಕೆ ಇಳಿದು, ಸ್ನಾನದ ಮನೆಯಲ್ಲಿ ಗೋಡೆ ಹಿಡಿದು ನಿಂತೆ. ಅದಕ್ಕೆ 75ರಲ್ಲಿ ನಿಲ್ಲಿಸಿದ್ದಾರೆ. ಕೆಲವರಿಗೆ 200ರವರೆಗೂ ಹೋಗುತ್ತದಂತೆ, ನನ್ನದು ಇಷ್ಟು. ಹದಿನಾಲ್ಕು ತಿಂಗಳ ಮೇಲಿನ ಎಕೋದಲ್ಲಿ ಪಂಪಿಂಗ್ 43, ಎನ್‌ಟಿ-ಪ್ರೊಬಿಎನ್‌ಪಿ 720. ಸತ್ತ ಜಾಗ ಸತ್ತೇ ಇದೆ, ಪರದೆಯ ಮೇಲೆ ಆ ತುಂಡು ಅಲುಗದೆ ನಿಂತದ್ದನ್ನು ನಾನೇ ನೋಡಿದೆ. ಸುತ್ತಲಿನದು ಕೆಲಸಕ್ಕೆ ವಾಪಸು ಬಂದಿದೆ.

ಮೊನ್ನೆ ನಾದಿನಿ ಬಂದಿದ್ದಳು. "ಅತ್ತಿಗೆ, ಪಂಪಿಂಗ್ ಏರೇತಂತಲ್ಲ, ಇನ್ನ ಮಾತ್ರೆ ಬಿಡಬೌದಲ್ಲ?" ನಾನು ಇದೇ ಪ್ರಶ್ನೆಯನ್ನು ಡಾಕ್ಟರಿಗೆ ಕೇಳಿಯಾಗಿತ್ತು. ಕಾರಣ ಬೇರೆಯಾದರೂ ಹೀಗೇ ಹೃದಯ ಹಿಗ್ಗಿ ಸೋತು, ಪೂರ್ತಿ ಸುಧಾರಿಸಿದವರಲ್ಲಿ ಬ್ರಿಟನ್ನಿನವರು ಮಾತ್ರೆ ನಿಧಾನಕ್ಕೆ ಬಿಡಿಸಿ ನೋಡಿದ್ದರಂತೆ. ಆರು ತಿಂಗಳೊಳಗೆ ಶೇ 40ರಷ್ಟು ಜನಕ್ಕೆ ಕಾಯಿಲೆ ಮರುಕಳಿಸಿತು. ಇದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಲದಿಂದ ಮೋಸಂಬಿ ತೆಗೆದು ಟೇಬಲ್ಲಿನ ಮೇಲಿಟ್ಟು "ಆತು ಬಿಡ್ರಿ, ನೀವು ಮಾತ್ರ ಟೆನ್ಶನ್ ತಗೋಬ್ಯಾಡ್ರಿ" ಅಂದಳು.

ಮೋಸಂಬಿಯನ್ನು ಅತ್ತೆಗೆ ಸುಲಿದುಕೊಟ್ಟೆ. ಕ್ಯಾಲೆಂಡರಿನಲ್ಲಿ ಆವತ್ತಿನ ಮನೆಯಲ್ಲಿ 59.8 ಎಂದು ಬರೆದಿತ್ತು, ಪಕ್ಕದಲ್ಲಿ ನಾಡಿ 62.